ಅಮ್ಮ ಹಾಡುತ್ತಿದ್ದ ಸಾಲು

ಜಗಳ ಶುರುವಾದದ್ದು ಕಿತ್ತಳೆ ಸಿಪ್ಪೆಯಿಂದ. ಆದರೆ ಪುಟ್ಟಿ ಅದಕ್ಕೂ ಮೊದಲೇ ಟೊಂಕ ಕಟ್ಟಿ ನಿಂತಿದ್ದಳು. ಸಿಪ್ಪೆ ಬರೀ ನೆಪ.

ಡಿಸೆಂಬರ್ ಬಂತೆಂದರೆ ಆ ಮನೆಯಲ್ಲಿ ಸಂಜೆ ಊಟಕ್ಕೆ ಮೊದಲು ಎಲ್ಲರೂ ಮುಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಉಣ್ಣೆಯ ಕಾಲುಚೀಲ ಹಾಕಿಕೊಂಡು, ಬಿಸಿ ಕೋಕೋ ಲೋಟವನ್ನು ಅಂಗೈಗಳ ನಡುವೆ ಹಿಡಿದು, ಹೀಟರಿನ ಸುತ್ತ ಕೂರುವುದು. ಕಿಟಕಿಯ ಗಾಜಿಗೆ ಹಬೆ ಹಿಡಿದು, ಹೊರಗೆ ತೂಗುಹಾಕಿದ ಕಾಗದದ ನಕ್ಷತ್ರ ಕೆಂಪಗೆ ಕದಡಿಕೊಂಡು ಕಾಣುತ್ತಿತ್ತು. ಅಮ್ಮ ಕಿತ್ತಳೆ ಸುಲಿದು ಸಿಪ್ಪೆಯನ್ನು ಹೀಟರಿನ ಮೇಲಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಮನೆ ತುಂಬ ಕ್ರಿಸ್‌ಮಸ್ ವಾಸನೆ. ಆಮೇಲೆ ಹಾಡು, ಪ್ರಾರ್ಥನೆ, ಊಟ.

ಅಮ್ಮ ಹೋದ ಮೇಲೆ ಎರಡು ಚಳಿಗಾಲ ಕಳೆದಿದ್ದವು. ಸಿಪ್ಪೆಯಿಡುವ ಕೆಲಸ ಪುಟ್ಟಿಯದಾಗಿತ್ತು. ಈ ವರ್ಷದ ಮೊದಲ ಸಂಜೆ ಅವಳು ಸಿಪ್ಪೆಯಿಟ್ಟು ಕೈ ತೊಳೆದು ಬರುವಷ್ಟರಲ್ಲಿ, ಅಪ್ಪ ಆರು ತಿಂಗಳ ಹಿಂದೆ ಮದುವೆಯಾಗಿ ಕರೆತಂದ ಹೆಂಗಸು ಅದನ್ನೆಲ್ಲ ಬಾಚಿ ಕಸದ ಬುಟ್ಟಿಗೆ ಹಾಕಿದ್ದಳು.

"ಕರಕಲಾಗಿ ಹೊಗೆ ಬರುತ್ತೆ ಅಂತ ತೆಗೆದೆ, ಪುಟ್ಟಿ," ಎಂದಳು.

"ಆ ಹೆಸರಲ್ಲಿ ಕರೆಯೋದು ಮನೆಯವರು."

ಪುಟ್ಟಿಗೆ ಮೂವತ್ತು ದಾಟಿತ್ತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೈಕೆಳಗೆ ನಾಲ್ಕು ಜನ ಇದ್ದರು. ಮನೆಯಲ್ಲಿ ಮಾತ್ರ ಅವಳು ಪುಟ್ಟಿ, ಆ ಹೆಸರಿಟ್ಟವಳು ಅಮ್ಮ. ಬಂದವಳು ಅವಳನ್ನು ಒಂದು ಗಳಿಗೆ ನೋಡಿ, "ಆಯ್ತು, ಮೇಡಂ," ಎಂದಳು. ಅವತ್ತಿನಿಂದ ಬಹುವಚನ ಬಿಟ್ಟು ಮಾತಾಡಲಿಲ್ಲ. ಪುಟ್ಟಿಯಂತೂ ಅವಳನ್ನು ಎದುರಿಗೆ ಏನೆಂದೂ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ 'ಕನ್ನಡಕ' ಎನ್ನುತ್ತಿದ್ದಳು, ಏಕೆಂದರೆ ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದಲ್ಲಿದ್ದಳು.

ಹಾಡಿನ ವಿಷಯ ಹೀಗೆ. ಅವರದು ನಾಲ್ಕು ಧ್ವನಿಯ ಹಾಡುಗಾರಿಕೆ. ಎಲ್ಲಕ್ಕಿಂತ ಮೇಲಿನ ಧ್ವನಿ ಪುಟ್ಟಿಯದು, ಕೀಬೋರ್ಡ್ ನುಡಿಸುವವಳೂ ಅವಳೇ. ಮೂರನೆಯದು ತಮ್ಮ ಗುಂಡನದು. ಅವನು ಅಂಗಡಿಯಿಂದ ಮನೆಮನೆಗೆ ಸೋಫಾ, ಬೀರು ಸಾಗಿಸುವ ವ್ಯಾನಿನ ಡ್ರೈವರು. ತಳದ ಧ್ವನಿ ಅಪ್ಪನದು. ಕೊನೆಯ ಚರಣದಲ್ಲಿ ಅಪ್ಪನ ಸಾಲು ಒಂದೊಂದೇ ಮೆಟ್ಟಿಲು ಇಳಿದು ತೀರ ಕೆಳಗಿನ ಒಂದು ಸ್ವರದಲ್ಲಿ ನಿಲ್ಲುತ್ತಿತ್ತು. ಅಪ್ಪ ಲಿಫ್ಟ್ ರಿಪೇರಿಯವನಾದ್ದರಿಂದ ಮನೆಯಲ್ಲಿ ಅದಕ್ಕೆ 'ಬೇಸ್‌ಮೆಂಟ್' ಎಂದೇ ಹೆಸರು. ಅಪ್ಪ ಅಲ್ಲಿ ಹೋಗಿ ನಿಂತನೆಂದರೆ ಮೇಜಿನ ಮೇಲಿನ ಚಮಚ ಝುಂ ಎನ್ನುತ್ತಿತ್ತು. ಗುಂಡ ಪ್ರತಿಸಲವೂ, "ಬಾಗಿಲು ತೆಗೀರಿ, ಬೇಸ್‌ಮೆಂಟ್ ಬಂತು," ಎನ್ನುತ್ತಿದ್ದ. ಅಪ್ಪ ಪ್ರತಿಸಲವೂ ಮೊದಲ ಸಲ ಕೇಳಿದಂತೆ ನಗುತ್ತಿದ್ದ.

ಎರಡನೆಯ ಧ್ವನಿ ಅಮ್ಮನದಾಗಿತ್ತು. ಅದು ಇದ್ದಾಗ ಕಿವಿ ಅದನ್ನು ಬೇರೆಯಾಗಿ ಹಿಡಿಯುವುದಿಲ್ಲ. ಇಲ್ಲದಾಗ ಹಾಡಿನ ನಡುವೆ ತಣ್ಣನೆಯ ಗಾಳಿ ಓಡಾಡಿದ ಹಾಗಿರುತ್ತದೆ. ಎರಡು ವರ್ಷ ಮೂವರೂ ಆ ಗಾಳಿಯನ್ನು ಹಾಗೇ ಬಿಟ್ಟು ಹಾಡಿದ್ದರು. ಹೀಗೇ ಇರಲಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಪುಟ್ಟಿಯ ಪಾಲಿಗೆ ಅದು ವ್ರತದಂತಿತ್ತು. ಸಮಾಧಿಗೆ ಹೋದಾಗ ಬಾರದ ಅಳು ಅವಳಿಗೆ ಆ ಖಾಲಿ ಜಾಗದಲ್ಲಿ ಬರುತ್ತಿತ್ತು.

ಸಿಪ್ಪೆಯ ಜಗಳವಾದ ವಾರದಲ್ಲೇ ಒಂದು ಸಂಜೆ ಆ ಜಾಗದಲ್ಲಿ ಯಾರೋ ಹಾಡಿದರು.

ಕನ್ನಡಕ ಮೂಲೆಯ ಕುರ್ಚಿಯಲ್ಲಿ ಕೂತು ಬಟನ್ ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣೆತ್ತಲಿಲ್ಲ. ಎರಡನೆಯ ಸಾಲು ತಡವರಿಸದೆ, ಮೆಲ್ಲಗೆ, ಅವಳ ಬಾಯಿಂದ ಬರುತ್ತಿತ್ತು. ಪುಟ್ಟಿಯ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು.

"ಯಾಕಮ್ಮ ನಿಲ್ಲಿಸಿದೆ?" ಅಪ್ಪ ಕೇಳಿದ.

"ಏನೋ ಬೇರೆ ಸದ್ದು ಸೇರಿತು."

"ಸದ್ದಲ್ಲ ಕಣೇ, ಇವಳು ಹಾಡಿದ್ದು. ಅವಳ ಚರ್ಚಲ್ಲಿ ಹತ್ತು ವರ್ಷ ಎರಡನೇ ಧ್ವನೀನೇ ಹಾಡಿದಾಳೆ." ಅಪ್ಪನ ಮುಖ ಅರಳಿತ್ತು. "ಈ ಸಲ ಕ್ರಿಸ್‌ಮಸ್ ಆರಾಧನೇಲಿ ನಾಲ್ಕೂ ಧ್ವನೀಲಿ ಹಾಡೋಣ. ಪಾದ್ರಿಗಳಿಗೆ ಹೇಳಿಬಿಟ್ಟಿದೀನಿ."

"ಆ ಜಾಗ ಖಾಲಿ ಇರಲಿ ಅಪ್ಪ."

"ಎಷ್ಟು ವರ್ಷ?"

ಮೂಲೆಯಲ್ಲಿ ಹಲ್ಲಿನಿಂದ ದಾರ ಕಡಿದ ಸದ್ದು ಕೇಳಿಸಿತು.

ಬಾಯಿಜಗಳಕ್ಕೆ ಅವಳು ಹೋಗಲಿಲ್ಲ. ಕಿವಿಗೊಟ್ಟು ಕೇಳಿದಳು, ಲ್ಯಾಬಿನಲ್ಲಿ ಸ್ಲೈಡು ನೋಡುವ ಹಾಗೆ. ಎರಡೇ ಸಂಜೆಯಲ್ಲಿ ಬೇಕಾದದ್ದು ಸಿಕ್ಕಿತು: ಕನ್ನಡಕದ ಧ್ವನಿ ನಡುವೆ ಗಟ್ಟಿ, ಕೆಳಗೆ ಹೋದಂತೆ ತೆಳುವಾಗುತ್ತದೆ. ಅವಳ ಸಾಲಿನ ತಳದ ಸ್ವರಗಳಲ್ಲಿ ಅರ್ಧ ಉಸಿರು, ಅರ್ಧ ನಾದ.

ಕೀಬೋರ್ಡಿನಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಬೆರಳು ಅದೇ ಕೀಗಳ ಮೇಲೆ ಓಡಾಡಿದರೂ ಹಾಡೆಲ್ಲ ಅರ್ಧ ಮೆಟ್ಟಿಲು ಕೆಳಗಿಳಿಯುತ್ತಿತ್ತು, ಎಷ್ಟು ಸಲ ಇಳಿಸಿದೆ ಎಂಬ ಅಂಕಿ ಮೇಲಿನ ಚಿಕ್ಕ ಕಿಟಕಿಯಲ್ಲಿ ಮೂಡುತ್ತಿತ್ತು. ಪುಟ್ಟಿ ಅದನ್ನು ಒಂದು ಸಂಜೆ ಒಂದು ಸಲ ಒತ್ತಿದಳು. ಯಾರಿಗೂ ಗೊತ್ತಾಗಲಿಲ್ಲ. ನಾಲ್ಕೈದು ದಿನ ಬಿಟ್ಟು ಇನ್ನೊಂದು ಸಲ. ಮುಂದಿನ ವಾರ ಮತ್ತೊಂದು. ಕನ್ನಡಕದ ಸಾಲು ದಿನದಿಂದ ದಿನಕ್ಕೆ ಸೊರಗಿತು. ಕೊನೆಗೆ ಆ ತಳದ ಸ್ವರಗಳಲ್ಲಿ ಬರೀ ಗಾಳಿ ಉಳಿಯಿತು, ಮೊದಲಿದ್ದ ಹಾಗೆಯೇ. ಪುಟ್ಟಿ ಅಷ್ಟು ಚೆನ್ನಾಗಿ ಎಂದೂ ನಿದ್ದೆ ಮಾಡಿರಲಿಲ್ಲ.

ಗುಂಡನಿಗಂತೂ ಖುಷಿಯೋ ಖುಷಿ. "ಅಕ್ಕ, ಗಮನಿಸಿದ್ಯಾ? ಮೇಲಿನ ಸ್ವರ ಈಗ ಬೆಣ್ಣೆ ತರ ಹತ್ತುತ್ತೆ. ಸಿಗರೇಟು ಬಿಟ್ಟಿದ್ದು ಕೆಲಸ ಮಾಡ್ತಿದೆ ನೋಡು."

"ಬಿಟ್ಟಿದೀಯಾ?"

"ಬಿಡಬೇಕು ಅಂತಿದೀನಿ. ಗಂಟಲಿಗೆ ಸುದ್ದಿ ಮುಟ್ಟಿರಬೇಕು."

ಪುಟ್ಟಿ ಕಿವಿಗೊಟ್ಟದ್ದು ಕನ್ನಡಕದ ಒಂದೇ ಧ್ವನಿಗೆ. ಅಪ್ಪ ಬೆಳಿಗ್ಗೆ ಎದ್ದು ಬಚ್ಚಲಲ್ಲಿ ಉಪ್ಪುನೀರು ಮುಕ್ಕಳಿಸುವುದು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಕೆಲಸಕ್ಕೆ ಹೋಗುವುದು, ಕೊನೆಯ ಚರಣ ಬಂದಾಗ ಕೆಮ್ಮಿ ಲೋಟ ಎತ್ತಿಕೊಳ್ಳುವುದು, ಇದೆಲ್ಲ ಅವಳ ಕಣ್ಣಿಗೆ ಬಿದ್ದಿತ್ತು. ಚಳಿಗೆ ಶೀತವಾಗಿದೆ ಎಂದುಕೊಂಡಿದ್ದಳು. ಚಮಚ ಝುಂ ಎನ್ನುವುದು ಯಾವಾಗ ನಿಂತಿತೆಂದು ಅವಳಿಗೆ ತಿಳಿಯಲೇ ಇಲ್ಲ.

ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ, ಚರ್ಚಿಗೆ ಹೊರಡುವ ಮೊದಲು ಒಂದು ಸಲ ಹಾಡಿ ನೋಡಿದರು. ಕೊನೆಯ ಸಾಲಿನಲ್ಲಿ ಅಪ್ಪನ ಗಂಟಲಿಂದ ಏನೂ ಬರಲಿಲ್ಲ. ಗುಂಡನೂ ಈ ಸಲ ತಮಾಷೆ ಮಾಡಲಿಲ್ಲ. ಅಪ್ಪ ಕಣ್ಣುಮುಚ್ಚಿ ಕೈ ಜೋಡಿಸಿದ, ಪ್ರಾರ್ಥನೆಯ ಹೊತ್ತು ಎಂಬಂತೆ.

"ತಂದೆಯೇ, ಮಕ್ಕಳು ಚೆನ್ನಾಗಿದಾರೆ, ವಂದನೆ. ಮನೆ ಬೆಚ್ಚಗಿದೆ, ವಂದನೆ. ನೀನೇ ಕೊಟ್ಟ ಸ್ವರ, ಈಗ ನೀನೇ ವಾಪಸ್ ತಗೋತಿದೀಯ. ಕೆಳಗಿಂದ ಒಂದೊಂದೇ. ಅದಕ್ಕೂ ವಂದನೆ. ನಾನು ಗೊಣಗಲ್ಲ. ಆಮೆನ್." ಆಮೇಲೆ ಕಣ್ಣು ತೆರೆದು, "ಸಾಯಂಕಾಲ ನೀವು ಮೂರು ಜನ ಹಾಡಿ. ನಾನು ಬೆಂಚಲ್ಲಿ ಕೂತು ಕೇಳ್ತೀನಿ," ಎಂದು ಎದ್ದು ಒಳಗೆ ಹೋದ.

ಕೀಬೋರ್ಡಿನ ಚಿಕ್ಕ ಕಿಟಕಿಯಲ್ಲಿ ಆ ಅಂಕಿ ಉರಿಯುತ್ತಲೇ ಇತ್ತು. ಅವಳ ಬೆರಳು ಮಾಡಿದ ಕೆಲಸವನ್ನು ಅಪ್ಪ ದೇವರ ಹೆಸರಿಗೆ ಬರೆದು, ಮೇಲೆ ಕೃತಜ್ಞತೆಯನ್ನೂ ಹೇಳಿ ಹೋಗಿದ್ದ.

ನೀರು ಕುಡಿಯಲೆಂದು ಅಡುಗೆಮನೆಗೆ ಹೋದಳು. ಕನ್ನಡಕ ಅಲ್ಲಿ ಕೇಕಿನ ತಟ್ಟೆ ಒರೆಸುತ್ತಿದ್ದಳು. ತಿರುಗಿ ನೋಡಲಿಲ್ಲ.

"ಮೈನಸ್ ಮೂರು," ಎಂದಳು.

"ಏನು?"

"ದಿನಾ ನೂರು ಗಾಜಿನ ಮೇಲೆ ಮೈನಸ್ ನೋಡೋಳು ನಾನು. ನಿಮ್ಮ ಪೆಟ್ಟಿಗೆ ಮೇಲಿರೋದು ಕಾಣಲ್ವಾ? ಮೈನಸ್ ಒಂದು ಇದ್ದಾಗಲೇ ಕಂಡಿತ್ತು."

ಪುಟ್ಟಿ ಲೋಟ ಕೆಳಗಿಟ್ಟಳು. "ಮತ್ತೆ ಯಾಕೆ ಬಾಯಿ ಮುಚ್ಕೊಂಡಿದ್ರಿ?"

"ಚರ್ಚಲ್ಲಿ ಎಲ್ಲರ ಮುಂದೆ ಸಿಕ್ಕಿಬೀಳ್ತೀರಿ ಅಂತ ಕಾಯ್ತಿದ್ದೆ. ಅಲ್ಲಿನ ಪೆಟ್ಟಿಗೇಲೂ ನೀವು ಅದನ್ನೇ ಒತ್ತೋವಾಗ ಪಕ್ಕ ನಿಂತು, ಇದೇನ್ರಿ ಮೈನಸ್ ಅಂತ ಪಾದ್ರಿಗಳಿಗೆ ಕೇಳಿಸೋ ಹಾಗೆ ಕೇಳೋಣ ಅಂತಿದ್ದೆ." ತಟ್ಟೆಯನ್ನು ಇಟ್ಟ ರಭಸಕ್ಕೆ ಪಕ್ಕದ ಲೋಟ ಅಲುಗಿತು. "ಅವರ ಸ್ವರ ಹೋಗ್ತಿದ್ದದ್ದು ನನಗೂ ಕೇಳಿಸ್ತಿತ್ತು. ಅದೇ ಮಂಚದ ಮೇಲೆ ಮಲಗೋಳು ನಾನು. ಬೆಳಗಿನ ಜಾವ ಎದ್ದು ನಿಮ್ಮಪ್ಪ ಗಂಟಲು ಹಿಡ್ಕೊಂಡು ಕೂರೋದು ನೋಡಿದೀನಿ. ಆದ್ರೂ ಕಾದೆ."

"ಥೂ."

"ಉಗೀರಿ. ಅರ್ಧ ನಿಮಗೂ ತಾಗುತ್ತೆ."

ಒಬ್ಬರನ್ನೊಬ್ಬರು ಅಷ್ಟು ಸರಿಯಾಗಿ ನೋಡಿಕೊಂಡದ್ದು ಆರು ತಿಂಗಳಲ್ಲಿ ಅದೇ ಮೊದಲು. ನೋಡಿ ಇಷ್ಟವೇನೂ ಆಗಲಿಲ್ಲ.

"ನನ್ನ ಬಾಯಿ ಮುಚ್ಚಿಸಬೇಕಾದ್ರೆ ಹೇಳಿ, ಮುಚ್ತೀನಿ," ಎಂದಳು ಕನ್ನಡಕ. "ಅವರದು ಅವರಿಗೆ ವಾಪಸ್ ಕೊಡಿ."

ಅಂಕಿಯನ್ನು ಸೊನ್ನೆಗೆ ತಂದುಬಿಟ್ಟರೆ ಯಾರಿಗೂ ಗೊತ್ತಾಗದೆ ಮುಗಿಯುತ್ತಿತ್ತು. ಆದರೆ ಅಪ್ಪ ಹಾಡುವುದಿಲ್ಲ ಎಂದಾಗಿತ್ತು, ಹೇಳದೆ ಅವನನ್ನು ಎಬ್ಬಿಸುವ ದಾರಿ ಉಳಿದಿರಲಿಲ್ಲ. ಅಪ್ಪ ಬಾಗಿಲ ಬಳಿ ಬಗ್ಗಿ ಶೂ ದಾರ ಕಟ್ಟುತ್ತಿದ್ದಾಗ ಪುಟ್ಟಿ ಎದುರಿಗೆ ನಿಂತು ಎಲ್ಲವನ್ನೂ ಹೇಳಿದಳು. ಕನ್ನಡಕ ನೋಡಿಯೂ ಸುಮ್ಮನಿದ್ದದ್ದನ್ನು ಹೇಳಲಿಲ್ಲ. ಅವಳಿಗೆ ಉಪಕಾರ ಮಾಡಲೆಂದಲ್ಲ. ತನ್ನ ತಪ್ಪಿನಲ್ಲಿ ಆ ಹೆಂಗಸಿಗೆ ಪಾಲು ಕೊಡುವುದು ಬೇಡವಾಗಿತ್ತು.

ಅಪ್ಪ ದಾರ ಬಿಗಿದು ನಿಧಾನಕ್ಕೆ ಎದ್ದ.

"ಅಂದ್ರೆ ನನ್ನ ಗಂಟಲಿಗೆ ಏನೂ ಆಗಿಲ್ಲ."

"ಇಲ್ಲ."

"ಎರಡು ವಾರದಿಂದ ಉಪ್ಪುನೀರು ಮುಕ್ಕಳಿಸ್ತಿದೀನಿ." ಮಫ್ಲರ್ ಬಿಚ್ಚಿ ಮೊಳೆಗೆ ಹಾಕಿದ. "ದೇವರಿಗೆ ಬೇರೆ ವಂದನೆ ಹೇಳಿದೆ."

ಗುಂಡ ಹಿಂದಿನಿಂದ, "ಅಂದ್ರೆ ನನ್ನ ಮೇಲಿನ ಸ್ವರಾನೂ..." ಎಂದು ಶುರುಮಾಡಿ, ಅಪ್ಪನ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡ.

"ಲಿಫ್ಟಿನ ಹಗ್ಗಕ್ಕೆ ಕೈ ಹಾಕೋರನ್ನ ಕೆಲಸದಿಂದ ತೆಗೀತೀವಿ ನಾವು," ಎಂದ ಅಪ್ಪ. "ನೀನು ಮಗಳಾಗಿ ಹೋದೆ." ಬಾಗಿಲು ತೆರೆದು ಚಳಿಗೆ ಇಳಿದ. ಚರ್ಚಿನವರೆಗೂ ಅವರ ನಾಲ್ಕು ಜೊತೆ ಶೂಗಳ ಸದ್ದು ಬಿಟ್ಟರೆ ಮಾತಿಲ್ಲ. ಬೀದಿಯ ಕಿಟಕಿಗಳಲ್ಲಿ ದೀಪದ ಸರ ಮಿನುಗುತ್ತಿತ್ತು, ಯಾರದೋ ಮನೆಯಿಂದ ಬೆಣ್ಣೆ ಕರಗುವ ವಾಸನೆ. ಬೇರೆ ವರ್ಷವಾಗಿದ್ದರೆ ಅಪ್ಪ ಒಂದೊಂದು ಮನೆಗೂ ಒಂದೊಂದು ಮಾತು ಸೇರಿಸುತ್ತಿದ್ದ.

ಪಾದ್ರಿಗಳು ಅವರನ್ನು ಕರೆದಾಗ ಅಪ್ಪನೂ ಎದ್ದು ಬಂದ. ಪುಟ್ಟಿಯ ಕಡೆ ನೋಡದೆ ತನ್ನ ಜಾಗದಲ್ಲಿ ನಿಂತ. ಚರ್ಚಿನ ಕೀಬೋರ್ಡಿನ ಕಿಟಕಿಯಲ್ಲಿ ಸೊನ್ನೆ ಇತ್ತು; ಪುಟ್ಟಿ ಆದರೂ ಎರಡು ಸಲ ನೋಡಿಕೊಂಡಳು. ಕನ್ನಡಕ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡಿದಳು. ಹೇಳಿದರೆ ಮುಚ್ತೀನಿ ಎಂದವಳು. ಪುಟ್ಟಿ ಏನೂ ಹೇಳದೆ ನುಡಿಸತೊಡಗಿದಳು.

ನಾಲ್ಕು ಧ್ವನಿಗಳೂ ಒಟ್ಟಿಗೆ ಎದ್ದವು. ಗುಂಡ ಮೇಲಿನ ಸ್ವರಕ್ಕೆ ಕೈಚಾಚಿ, ಸಿಗದೆ, ಬೆಕ್ಕಿನ ಬಾಲ ತುಳಿದಂಥ ಸದ್ದು ಮಾಡಿದ. ಮುಂದಿನ ಸಾಲಿನ ಮಕ್ಕಳು ಕಿಸಕ್ಕೆಂದವು. ಎರಡನೆಯ ಸಾಲು ತುಂಬಿಕೊಂಡು ಬಂತು. ತಪ್ಪಿಲ್ಲ, ಆದರೆ ಅಮ್ಮನದಲ್ಲ. ಮೂರನೆಯ ಚರಣದಲ್ಲಿ ಒಂದು ಕಡೆ ಅಮ್ಮ ಎಲ್ಲರೂ ಮುಂದಿನ ಸ್ವರಕ್ಕೆ ಹೋದ ಮೇಲೂ ಒಂದು ಕ್ಷಣ ಹಿಂದೆ ನಿಂತು, ಆಮೇಲೆ ಇಳಿಯುತ್ತಿದ್ದಳು. ಇವಳು ಸರಿಯಾದ ಹೊತ್ತಿಗೆ ಇಳಿದುಬಿಟ್ಟಳು. ಖಾಲಿ ಬಿಟ್ಟ ಎರಡು ವರ್ಷ ಅಮ್ಮ ಅಲ್ಲೆಲ್ಲೋ ಇದ್ದಾಳೆ ಎನ್ನಿಸುತ್ತಿತ್ತು. ಈಗ ಆ ಒಂದು ಕ್ಷಣದಲ್ಲಿ, ಇಲ್ಲ ಎಂಬುದು ಪುಟ್ಟಿಗೆ ಖಡಾಖಂಡಿತವಾಗಿ ಕೇಳಿಸಿತು.

ಕೊನೆಗೆ ಅಪ್ಪ ಇಳಿದ. ಒಂದೊಂದೇ ಮೆಟ್ಟಿಲು, ತಳದವರೆಗೂ. ಬಲಿಪೀಠದ ಮೇಲಿನ ಮೇಣದಬತ್ತಿಯ ಸ್ಟ್ಯಾಂಡು ಸಣ್ಣಗೆ ಝುಂಗುಟ್ಟಿತು. ಅವನ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಇನ್ನೂ ಮಗಳ ಕಡೆ ತಿರುಗಿರಲಿಲ್ಲ.

ಮನೆಗೆ ಬಂದು ಕೇಕು ಕತ್ತರಿಸಿದರು. ಅಪ್ಪ ತಟ್ಟೆ ಹಿಡಿದು ಹೀಟರಿನ ಪಕ್ಕ ಬೆನ್ನು ಹಾಕಿ ಕೂತ. ಕನ್ನಡಕ ಒಂದು ಚೂರನ್ನು ಪುಟ್ಟಿಯ ಮುಂದೆ ಇಟ್ಟಳು, ನಾಯಿಗೆ ಇಟ್ಟ ಹಾಗೆ.

"ಮೂರನೇ ಚರಣದಲ್ಲಿ ಬೇಗ ಇಳೀತೀರಿ ನೀವು," ಎಂದಳು ಪುಟ್ಟಿ.

"ಪುಸ್ತಕದಲ್ಲಿ ಇರೋದು ಹಾಗೇ."

"ಪುಸ್ತಕ ನಮಗೂ ಓದೋಕೆ ಬರುತ್ತೆ."

"ನಿಮ್ಮಮ್ಮ ಅಲ್ಲಿ ತಡ ಮಾಡ್ತಿದ್ರು ಅಂತ ಇವರು ಹೇಳಿದಾರೆ. ಮರೆತುಹೋಗಿ ಅಂತೆ."

"ಮರೆತಲ್ಲ. ತಡಾನೂ ಅಲ್ಲ ಅದು."

"ಹಾಗಾದ್ರೆ ಏನು? ತೋರಿಸಿ."

ಪುಟ್ಟಿ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ಸಾಲನ್ನು ಅವಳು ತನ್ನ ಬಾಯಲ್ಲಿ ಎಂದೂ ಹಾಡಿರಲಿಲ್ಲ. "ಒಂದೇ ಸಲ ಹಾಡ್ತೀನಿ," ಎಂದಳು. "ನೆಟ್ಟಗೆ ಕೇಳಿಸ್ಕೊಳ್ಳಿ."

ಅವಳು ಅಮ್ಮನ ಸಾಲನ್ನು ಮೆಲುದನಿಯಲ್ಲಿ ಎತ್ತಿಕೊಂಡಳು. ಆ ಸ್ವರ ಬಂದಾಗ ನಿಂತಳು, ಅಮ್ಮ ನಿಲ್ಲುತ್ತಿದ್ದಷ್ಟು ಹೊತ್ತು. ಹೀಟರಿನ ಪಕ್ಕ ಅಪ್ಪನ ಚಮಚ ತಟ್ಟೆಯ ಮೇಲೆ ಸುಮ್ಮನಾಯಿತು. ಕನ್ನಡಕ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು, ಗಾಜಿನಲ್ಲಿ ಗೀರು ಹುಡುಕುವವಳ ಹಾಗೆ. ಪುಟ್ಟಿ ಆ ಸ್ವರದಿಂದ ಇಳಿದಳು.