ಒಂದು ಹಲ್ಲು ಹಿಂದೆ

ಬೇಕರಿಯ ಪಾಳಿ ಮುಗಿಸಿ ಬಂದ ಗಂಡ ಊಟಕ್ಕೂ ಕೂರದೆ ಕಾರಿನ ಬಾನೆಟ್ ಎತ್ತಿದ್ದ. ಎಂಜಿನ್ನಿನ ಚಕ್ರಗಳನ್ನು ತಾಳಕ್ಕೆ ತಿರುಗಿಸುವ ಟೈಮಿಂಗ್ ಬೆಲ್ಟಿನ ಅಂಚು ಇಲಿ ಕಡಿದಂತಾಗಿತ್ತು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸು ಅವಳು. ಬೆಳಿಗ್ಗೆ ಗಾಡಿ ಹೊರಡದಿದ್ದರೆ ಆ ಕೆಲಸ ಬೇರೆಯವಳ ಪಾಲು. ಬೆಲ್ಟ್ ತಪ್ಪಾಗಿ ಕೂತರೆ ಎಂಜಿನ್ನೇ ಪುಡಿ ಎಂದು ಎಲ್ಲೋ ಓದಿದ್ದಳು. ಓದದಿದ್ದರೇ ಚೆನ್ನಾಗಿತ್ತು.

ಬಿಚ್ಚುವ ಮೊದಲೇ ಅವನು ಎರಡು ಹಲ್ಲುಚಕ್ರಗಳಿಗೂ ಹಳೆಯ ಬೆಲ್ಟಿಗೂ ಬಿಳಿ ಗುರುತು ಹಾಕಿದ್ದ. ಈಗ ಹಳೆಯ ಬೆಲ್ಟಿನ ಹಲ್ಲುಗಳನ್ನು ಗುರುತಿನಿಂದ ಗುರುತಿಗೆ ಅವನು ಎಣಿಸಬೇಕು. ಅವನ ದನಿಗೆ ಸರಿಯಾಗಿ ಅವಳು ಹೊಸದರ ಮೇಲೆ ಬೆರಳು ಸರಿಸುತ್ತಾ ಹೋಗಿ ಗುರುತು ಹಾಕಬೇಕು.

"ಲಾಭ," ಎಂದ ಅವನು. "ಎರಡು, ಮೂರು..."

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೆಯದಾಗಲಿ ಅಂತ ಏನೋ ಅಂದನೆಂದುಕೊಂಡಳು. ಬೆರಳು ಮೊದಲ ಹಲ್ಲಿಗೆ ಸರಿದದ್ದೇ ‘ಎರಡು’ ಕೇಳಿದ ಮೇಲೆ. ‘ಒಂದು’ ಬರಲೇ ಇಲ್ಲವೆಂದು ದಣಿದ ತಲೆಗೆ ಹೊಳೆಯಲಿಲ್ಲ.

ಬೆಲ್ಟ್ ಏರಿಸಿ, ಬಿಗಿ ಮಾಡಿ, ಅವನು ಗೋಡೆಗೆ ಒರಗಿದ. "ಕೀ ತಿರುಗಿಸು."

ಅವಳು ಟಾರ್ಚು ಹಿಡಿದು ಬಗ್ಗಿದಳು. "ರೀ, ಮೇಲಿನ ಚಕ್ರದ ಗುರುತು ಎಂಜಿನ್ ಮೇಲಿರೋ ಗೀರಿನ ನೇರಕ್ಕಿಲ್ಲ."

"ಕೂದಲೆಳೆಯಷ್ಟು ಕಣೇ. ನಿನಗೆ ಎಲ್ಲದಕ್ಕೂ ಅನುಮಾನ."

"ಕೀ ಮುಟ್ಟಲ್ಲ ನಾನು. ಇನ್ನೊಂದ್ಸಲ ಎಣಿಸಿ."

"ಸೊಂಟ ಬಿದ್ದುಹೋಗಿದೆ..." ಗೊಣಗುತ್ತಲೇ ಬಗ್ಗಿದ. "ಲಾಭ, ಎರಡು—"

"ಒಂದು ಎಲ್ಲಿ?"

"ಲಾಭ ಅಂದ್ನಲ್ಲ!"

"ಅದೂ ಲೆಕ್ಕವಾ?"

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಕೆಮ್ಮು ಬರುವಷ್ಟು ನಕ್ಕರು. "ನಮ್ಮನೇಲಿ ಒಂದು ಅನ್ನೋ ಬದಲು ಲಾಭ ಅನ್ನೋದು ಕಣಮ್ಮ. ಸೇರಿನಲ್ಲಿ ಅಕ್ಕಿ ಅಳೆಯೋವಾಗ ನಾನೇ ಕಲಿಸಿದ್ದು. ಎಂಜಿನ್ ಮುಂದೆ ನಿಂತೂ ಅಕ್ಕಿ ಅಳೀತಾನಲ್ಲ, ಪುಣ್ಯಾತ್ಮ!"

ಅವನು ನಗಲಿಲ್ಲ, ಸ್ಪ್ಯಾನರ್ ಹುಡುಕಿದ. ಬಿಗಿ ಮಾಡಿದ್ದನ್ನೆಲ್ಲ ಸಡಿಲಿಸಿ, ಬೆಲ್ಟನ್ನು ಒಂದು ಹಲ್ಲು ಸರಿಸಿ, ಮತ್ತೆ ಬಿಗಿದ. ಈ ಸಲ ಗುರುತು ಗೀರಿಗೆ ಎದುರಾಯಿತು. ಕೈಯಿಂದಲೇ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿದ; ಎಲ್ಲೂ ತಡೆಯಲಿಲ್ಲ.

ಅವಳು ಕೀ ತಿರುಗಿಸಿದಳು. ಎಂಜಿನ್ ಶುರುವಾಯಿತು. ಅಷ್ಟಾದರೂ ನಂಬಿಕೆ ಬಾರದೆ ಅದರ ಸದ್ದಿಗೆ ಕಿವಿಗೊಟ್ಟು ಕೂತೇ ಇದ್ದಳು.

"ಆಫ್ ಮಾಡೇ," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಬೆಳಿಗ್ಗೆಗೂ ಸ್ವಲ್ಪ ಪೆಟ್ರೋಲ್ ಇರಲಿ."