ಈಶಾನ್ಯ ಮೂಲೆ

ಖಾಲಿ ಜಾಗಕ್ಕೂ ಕಾವಲು ಬೇಕು ಎಂದರೆ ನಮ್ಮ ಊರ ಕಡೆ ಯಾರೂ ನಂಬುವುದಿಲ್ಲ. ಹೈದರಾಬಾದಿನ ಈ ಅಂಚಿನಲ್ಲಿ ಬೇಕು. ಬಾಚುಪಲ್ಲಿಯ ಆಚೆ ಪ್ಲಾಟು ಕೊಂಡು ಸುಮ್ಮನೆ ಬಿಟ್ಟರೆ, ಮುಂದಿನ ಸಲ ಬರುವಷ್ಟರಲ್ಲಿ ಬೇರೆ ಯಾರೋ ಕಾಂಪೌಂಡು ಹಾಕಿ ತಮ್ಮ ಹೆಸರು ಬರೆಸಿರುತ್ತಾರೆ. ಅದಕ್ಕೇ ಮಾಲೀಕರು ಒಂದು ಬದಿಗೆ ಇಟ್ಟಿಗೆಯ ಕೋಣೆ ಎಬ್ಬಿಸಿ, ಮೇಲೆ ಸಿಮೆಂಟ್ ಶೀಟು ಹೊದಿಸಿ, ನಮ್ಮಂಥ ಒಂದು ಕುಟುಂಬವನ್ನು ಇರಿಸುತ್ತಾರೆ. ಬಾಡಿಗೆ ಕೊಡಬೇಕಾಗಿಲ್ಲ, ಸಂಬಳವೂ ಬರುವುದಿಲ್ಲ. ಒಲೆ ಉರಿಯಬೇಕು, ಹಗ್ಗದ ಮೇಲೆ ಬಟ್ಟೆ ಒಣಗುತ್ತಿರಬೇಕು. ಇಲ್ಲಿ ಮಂದಿ ಇದ್ದಾರೆ ಎಂದು ಕಾಣಬೇಕು. ಜಾಗ ಮಾರಾಟವಾದ ಮೇಲೆ ನಾವು ಇನ್ನೊಂದು ಖಾಲಿ ಜಾಗ ಹುಡುಕಿಕೊಳ್ಳಬೇಕು.

ಅಪ್ಪ ಸೂಗಪ್ಪ ಮೊದಲು ಜೀಡಿಮೆಟ್ಲಾದ ಕಡೆ ಒಂದು ಕಾರ್ಖಾನೆಯಲ್ಲಿ ಡ್ರಮ್ಮು ತೊಳೆಯುತ್ತಿದ್ದ. ಕೆಮ್ಮು ಹಿಡಿದ ಮೇಲೆ ಬಿಟ್ಟ. ಅವ್ವ ಗುರುಬಾಯಿ ಸುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ತಂಗಿ ಹುಟ್ಟಿದಾಗ ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಯಿತು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟೆ. ಅದಕ್ಕೆ ನನಗೇನೂ ಬೇಸರವಾಗಲಿಲ್ಲ. ಶಾಲೆಯಲ್ಲಿ ತೆಲುಗಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾಗಿತ್ತು. ತಂಗಿಯ ಹತ್ತಿರ ಏನೂ ಹೇಳಬೇಕಾಗಿರಲಿಲ್ಲ.

ಅವಳಿಗೆ ಸೌಂದರ್ಯಾ ಎಂದು ಹೆಸರಿಟ್ಟವಳು ನಾನೇ. ಶೀಟಿನ ಮೇಲೆ ಕಾಗೆ ನಡೆದರೆ ಮೇಲೆ ನೋಡಿ ನಗುತ್ತಿದ್ದಳು. ಹೊತ್ತು ಹೊತ್ತಿಗೆ ಹಾಲೂಡಿಸಲು ಆಗದೆ ಅವ್ವನ ಹಾಲು ಬೇಗ ಬತ್ತಿತು. ನಾನು ಗಂಜಿ ತಿಳಿ ಕುಡಿಸುತ್ತಿದ್ದೆ. ಹಲ್ಲು ಮೂಡುವ ಹೊತ್ತಿಗೆ ಒಂದು ಮಳೆಗಾಲ ಬಂತು, ಟ್ಯಾಂಕರಿನ ನೀರು ಕೆಟ್ಟಿತು, ಮಗು ವಾಂತಿಭೇದಿಯಲ್ಲಿ ಹೋಯಿತು.

ಹಳ್ಳಿಯ ಸ್ಮಶಾನಕ್ಕೆ ಅಪ್ಪ ಹೋಗಿ ಕೇಳಿದ. ಹೊರಗಿನವರಿಗೆ ಇಲ್ಲ ಅಂದರು. ಅದರ ಅರ್ಧ ಜಾಗ ಆಗಲೇ ಯಾವುದೋ ವೆಂಚರಿನ ಬೇಲಿಯೊಳಗೆ ಹೋಗಿತ್ತು. ಇಲ್ಲಿ ಲೇಔಟಿಗೆ ವೆಂಚರ್ ಅನ್ನುತ್ತಾರೆ. ಅಪ್ಪ ಮಳೆಯಲ್ಲಿ ತೊಯ್ದು ವಾಪಸು ಬಂದಾಗ ಅವ್ವ ಮಗುವನ್ನು ತನ್ನ ಹಸಿರು ಸೀರೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಆ ಮೂಲ್ಯಾಗ ಇಡೋಣು," ಅಂದಳು. "ಮೋಹನಣ್ಣ ಬಂದೋರಿಗೆಲ್ಲ ಹೇಳ್ತಾನಲ್ಲ, ಅದು ದೇವರ ಮೂಲಿ, ಅಲ್ಲಿ ಯಾರೂ ಗ್ವಾಡಿ ಕಟ್ಟಂಗಿಲ್ಲ, ಭಾರ ಇಡಂಗಿಲ್ಲ ಅಂತ. ಯಾರು ಮನಿ ಕಟ್ಟಿದ್ರೂ ಕೂಸಿನ ಮ್ಯಾಲ ಕಟ್ಟಂಗಿಲ್ಲ."

ಮೋಹನ ಪ್ಲಾಟುಗಳ ಬ್ರೋಕರ್. ಈ ಪ್ಲಾಟಿನ ಈಶಾನ್ಯ ಮೂಲೆ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿತ್ತು. ಈಶಾನ್ಯ ಬೆಳೆದ ಜಾಗ, ಮನೆಗೆ ಏಳಿಗೆ ಎಂದು ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ. ಅವನು ಹೇಳಿದ್ದನ್ನೆಲ್ಲ ಅವ್ವ ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದಳು. ಅಪ್ಪ ಅಗೆದ. ಮೇಲೆ ಅವ್ವ ದಾಸವಾಳದ ಒಂದು ಕಡ್ಡಿ ಊರಿದಳು. ಅದು ಚಿಗುರಿತು.

ನಾಲ್ಕು ವರ್ಷದಲ್ಲಿ ಸುತ್ತಲೂ ಕಟ್ಟಡಗಳು ಎದ್ದವು. ಗಚ್ಚಿಬೌಲಿಯಲ್ಲಿ ಕೆಲಸ ಮಾಡುವವರ ಕಾರುಗಳು ಭಾನುವಾರ ಭಾನುವಾರ ನಮ್ಮ ರಸ್ತೆಗೆ ಬರತೊಡಗಿದವು. ಹಾಗೆ ಒಂದು ಭಾನುವಾರ ಪ್ಲಾಟು ನೋಡಲು ಯಶವಂತ ಸಾಹೇಬರು, ಅವರ ಹೆಂಡತಿ ಗಾನವಿ ಅಕ್ಕ ಬಂದರು. ಅಕ್ಕನ ಕಂಕುಳಲ್ಲಿ ಹಲ್ಲು ಬರುತ್ತಿದ್ದ ಮಗು. ಅವ್ವ ನನ್ನನ್ನು ಕೂಗಿದಳು: "ಶರಣೀ, ನೀರು ತಗೊಂಡ್ ಬಾ."

"ಅಯ್ಯೋ, ನೀವು ಕನ್ನಡದವರಾ!" ಅಂದರು ಅಕ್ಕ.

"ಹೌದ್ರಿ ಅಕ್ಕಾರ. ಯಾದಗಿರಿ ಕಡಿಯವ್ರು."

"ನಾನು ಕುಂದಾಪುರ, ಇವರು ಮೈಸೂರು. ನೋಡ್ರೀ, ಜಾಗ ನೋಡೋಕೆ ಬಂದ್ರೆ ಜನಾನೇ ಸಿಕ್ಕಿದ್ರು."

"ಚೂಶಾರಾ ಸಾರ್, ಮೀ ವಾಳ್ಳೇ!" ಎಂದ ಮೋಹನ. ನೋಡಿದಿರಾ, ನಿಮ್ಮವರೇ ಅಂತ. ನಮ್ಮನ್ನೂ ಪ್ಲಾಟಿನ ಜೊತೆಗೇ ತಂದಿಟ್ಟವನ ಹಾಗೆ ನಕ್ಕ.

ಅವರಿಗೆ ಜಾಗ ಹಿಡಿಸಿತು. ರಿಜಿಸ್ಟ್ರೇಷನ್ ಆಯಿತು. ಮನೆ ಮುಗಿಯುವವರೆಗೂ ನೀವೇ ಇರಿ ಎಂದು ಅಕ್ಕ ಹೇಳಿದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ಮಧ್ಯಾಹ್ನ ಮೋಹನ ಸುಣ್ಣದ ಪುಡಿ ತಂದು ನೆಲದ ಮೇಲೆ ಗೆರೆ ಹಾಕಿದ. ಮನೆ ಎಲ್ಲಿ, ಮೆಟ್ಟಿಲು ಎಲ್ಲಿ, ಕಾರು ಎಲ್ಲಿ. ಕೊನೆಗೆ ಈಶಾನ್ಯ ಮೂಲೆಗೆ ಹೋಗಿ ದಾಸವಾಳದ ಸುತ್ತ ಒಂದು ಚೌಕ ಎಳೆದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾನಾಗಿ ಯಾರನ್ನೂ ಮಾತಾಡಿಸುವವಳಲ್ಲ. ಅವತ್ತು ಕೇಳಿದೆ, "ಅಲ್ಲೇನದು ಅಣ್ಣಾ?"

"ಸಂಪು. ನೀರಿನ ತೊಟ್ಟಿ. ಈಶಾನ್ಯದಲ್ಲಿ ಭಾರ ಇರಬಾರದು, ನೀರೇ ಇರಬೇಕು. ಆಳುದ್ದ ತೋಡ್ತಾರೆ." ಎಲ್ಲ ಮನೆಗೂ ಹಾಗೇ ಅಂದ.

ಹಿಂದೆ ಒಲೆಯ ಮುಂದೆ ಕೂತು ಅವ್ವ ಕೇಳಿಸಿಕೊಂಡಿದ್ದು ಅರ್ಧ ಮಾತ್ರ.

ಅವಳು ಕೆಲಸಕ್ಕೆ ಹೋಗಿದ್ದಳು. ನಾನು ಅಪ್ಪನಿಗೆ ಹೇಳಿದೆ. ಅಪ್ಪ ಹೋಗಿ ಆ ಚೌಕದ ಅಂಚಿಗೆ ಕೂತ.

"ನಿಮ್ಮವ್ವಗ ಹೇಳಬ್ಯಾಡ. ಸಂಪು ನಾನಾ ತೋಡ್ತೀನಿ ಅಂತ ಸಾಹೇಬ್ರಿಗೆ ಕೇಳ್ತೀನಿ. ಮೊದ್ಲ ಕೂಸಿನ್ನ ಕೈಯಾಗ ಎತ್ತಿಕೊಂತೀನಿ. ಆಮ್ಯಾಲ ಊರಿಗೆ ಒಯ್ದು ಇಡೋಣು."

"ಇವತ್ತೇ ತಗದ್ರ?"

"ಸುತ್ತ ಎಷ್ಟು ಕಿಡಕಿ ಅದಾವ ನೋಡು. ಸುಮ್ಮ ಸುಮ್ಮನ ತೋಡಾಕತ್ತಿದ್ರ ಯಾಕ ಅಂತಾರ. ಹೆಣ ಇಟ್ಟ ಜಾಗ ಅಂತ ಗೊತ್ತಾದ್ರ ಇವ್ರು ಮನಿ ಕಟ್ತಾರೇನು? ಪೊಲೀಸ್ರು ಬರ್ತಾರ. ಸಂಪಿನ ಕೆಲಸದಾಗ ಆದ್ರ ಯಾರೂ ಕೇಳಂಗಿಲ್ಲ."

ಯಶವಂತ ಸಾಹೇಬರು ಒಪ್ಪಿದರು. ಬೇರೆಯವರಿಗೆ ಕೊಡುವುದನ್ನು ನಿಮಗೇ ಕೊಡುತ್ತೇನೆ ಸೂಗಪ್ಪ ಅಂದರು. ಅಪ್ಪ ಗುದ್ದಲಿಗೆ ಹೊಸ ಕಾವು ಹಾಕಿದ. ಒಂದು ಬಿಳಿ ಬಟ್ಟೆ ತಂದು ಟ್ರಂಕಿನ ತಳದಲ್ಲಿ ಇಟ್ಟ. ಕೆಮ್ಮು ಬಂದಾಗಲೆಲ್ಲ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದ. ಇವನಿಂದ ಆಗುವುದಿಲ್ಲ ಎಂದು ಯಾರೂ ಅನ್ನಬಾರದಲ್ಲ.

ಸುಣ್ಣದ ಗೆರೆಯನ್ನು ಅವ್ವನೂ ನೋಡಿದ್ದಳು. ಸಂಪಿನ ಮಾತು ಅವಳಿಗೂ ಎಲ್ಲಿಂದಲೋ ಗೊತ್ತಾಗಿತ್ತು ಎಂದು ನಮಗೆ ಆಮೇಲೆ ತಿಳಿಯಿತು. ಗಂಡನ ಎದೆ ಮೊದಲೇ ಸರಿಯಿಲ್ಲ, ಅವನಿಗೆ ಯಾಕೆ ಹೇಳಲಿ ಎಂದು ಅವಳೂ ಬಾಯಿ ಕಟ್ಟಿಕೊಂಡಿದ್ದಳು. ಒಂದೇ ಕೋಣೆಯಲ್ಲಿ ಮೂವರೂ ಒಂದೇ ವಿಷಯ ಮುಚ್ಚಿಟ್ಟುಕೊಂಡು ಉಣ್ಣುತ್ತಿದ್ದೆವು.

ತೋಡುವ ದಿನ ಬಂತು. ಅವ್ವ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಸಾಹೇಬರು, ಅಕ್ಕ, ಮೋಹನ ಬೆಳಿಗ್ಗೆಯೇ ಬಂದರು. ಅಕ್ಕ ಅರಿಸಿನ ಕುಂಕುಮ ತಂದಿದ್ದರು. ತೆಂಗಿನಕಾಯಿ ಮರೆತಿದ್ದರು. ಅಪ್ಪ ಅಂಗಡಿಗೆ ಓಡಿದ. ಅವನು ಗೇಟು ದಾಟಿದ್ದೇ ಅವ್ವ ಅಕ್ಕನ ಹತ್ತಿರ ಬಂದಳು.

"ಅಕ್ಕಾರ, ಒಂದು ಮಾತ್ರಿ. ಆ ಮೂಲ್ಯಾಗ ಹಾವು ಐತ್ರಿ. ಭಾಳ ದೊಡ್ಡ ನಾಗಪ್ಪ. ನಾವು ಒಂದು ದಿನಾನೂ ಮುಟ್ಟಿಲ್ಲ. ಅದನ್ನ ಹಂಗ ಬಿಟ್ಟುಬಿಡ್ರಿ. ನೀರು ಬ್ಯಾರೆ ಕಡೆ ಮಾಡ್ಕೊಳ್ರಿ."

ಅಕ್ಕ ಅಲ್ಲೇ ಚಪ್ಪಲಿ ಕಳಚಿ ಕೈ ಮುಗಿದರು. "ನಮ್ಮ ಕಡೆ ನಾಗ ಅಂದ್ರೆ ಹುಡುಗಾಟ ಅಲ್ಲ ರೀ," ಎಂದು ಗಂಡನಿಗೆ ಹೇಳಿದರು. ಅವ್ವನ ಮುಖ ಬೆಳಗಿತು. ಆ ಕಡೆಯವರು ನಾಗನಿಗೆ ನಡೆದುಕೊಳ್ಳುತ್ತಾರೆ ಎಂದು ಯಾರೋ ಅವಳಿಗೆ ಹೇಳಿರಬೇಕು. ನಾನು ಅವ್ವನ ಸೆರಗು ಜಗ್ಗಿದೆ. ಅವಳು ತಿರುಗಲಿಲ್ಲ.

ಯಶವಂತ ಸಾಹೇಬರು ಹೌಹಾರಿ ನಿಂತಿದ್ದರು. "ಸೂಗಪ್ಪನ್ನ ಅಲ್ಲಿಗೆ ಇಳಿಸ್ತಾ ಇದ್ನಲ್ಲ ನಾನು! ಕಚ್ಚಿದ್ರೆ ಯಾರು ಗತಿ?"

"ಜೆಸಿಬಿ ಸಾರ್," ಅಂದ ಮೋಹನ. "ಪಕ್ಕದ ವೆಂಚರಲ್ಲೇ ಇದೆ. ಒಂದು ಫೋನು ಮಾಡಿದ್ರೆ ಬರುತ್ತೆ. ಈ ಏರಿಯಾದಲ್ಲಿ ಹಾವಿಲ್ಲದ ಪ್ಲಾಟ್ ಎಲ್ಲಿದೆ ಸಾರ್? ಎಲ್ಲಾದಕ್ಕೂ ಹಾಗೇ ಬಿಟ್ರೆ ಹಾವುಗಳೇ ಕಾಲೊನಿ ಮಾಡ್ಕೋತವೆ."

"ಮೊದಲು ಹಾಲೆರೆದು ಬೇಡ್ಕೋತೀನಿ," ಅಂದರು ಅಕ್ಕ. "ಬೇರೆ ಕಡೆ ಹೋಗಪ್ಪಾ ಅಂತ. ಆಮೇಲೆ ಮಾಡಿ."

ಅಪ್ಪ ಕಾಯಿ ಹಿಡಿದು ಬರುವಾಗ ಜೆಸಿಬಿ ಗೇಟಿನೊಳಗೆ ತಿರುಗುತ್ತಿತ್ತು, ಅದರ ಹಿಂದೆ ಒಂದು ಟ್ರ್ಯಾಕ್ಟರು. ವಿಷಯ ತಿಳಿದು ಅಪ್ಪ ದೊಡ್ಡ ದನಿಯಲ್ಲಿ ಹೇಳಿದ, "ಹಾವು ಗೀವು ಏನಿಲ್ರಿ ಸಾಹೇಬ್ರ! ಹೆಣ್ಮಕ್ಕಳು ಏನರ ಹೇಳ್ತಾವ. ನಾನಾ ತೋಡ್ತೀನ್ರಿ. ಕೈ ಮುಗೀತೀನಿ."

"ಕೂಲಿ ಹೋಗುತ್ತೆ ಅಂತ ಜೀವ ಕಳ್ಕೋತೀರಾ? ಆ ದುಡ್ಡು ನಿಮಗೆ ಕೊಟ್ಟೇ ಕೊಡ್ತೀನಿ ಮಾರಾಯರೇ," ಅಂದರು ಸಾಹೇಬರು.

ಅವ್ವ ಅಪ್ಪನ ಕೈಯ ಕಾಯಿ ನೋಡಿದಳು. ಗೋಡೆಗೆ ಒರಗಿಸಿದ್ದ ಗುದ್ದಲಿ ನೋಡಿದಳು. ಅದರ ಕಾವಿಗೆ ನೇತುಹಾಕಿದ್ದ ಬಿಳಿ ಬಟ್ಟೆ ನೋಡಿದಳು. ಆಮೇಲೆ ಇದ್ದಲ್ಲೇ ಕೂತು ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಅಕ್ಕ ಮಗುವನ್ನು ನನ್ನ ಕೈಗೆ ಕೊಟ್ಟರು. "ಒಂಚೂರು ಹಿಡ್ಕೋ ಶರಣಿ. ಪೂರ್ವಿ ಅಳಲ್ಲ, ಎಲ್ಲರ ಹತ್ರಾನೂ ಇರ್ತಾಳೆ." ಬೇರೆ ಹಾಲು ಇರಲಿಲ್ಲ. ಪೂರ್ವಿಯ ಬಾಟಲಿಯ ಮುಚ್ಚಳ ತಿರುಗಿಸಿ, ಅದರಲ್ಲಿದ್ದ ಹಾಲನ್ನು ದಾಸವಾಳದ ಬುಡಕ್ಕೆ ಸುರಿದರು. ಅರಿಸಿನ ಹಾಕಿದರು, ಕುಂಕುಮ ಹಾಕಿದರು, ಕಣ್ಣು ಮುಚ್ಚಿ ಬಹಳ ಹೊತ್ತು ಏನೋ ಬೇಡಿಕೊಂಡರು. ಹಾಲು ತಡವಿಲ್ಲದೆ ಇಂಗಿತು.

ಜೆಸಿಬಿಯ ಮೊದಲ ಬಾಯಿಗೆ ಗಿಡ ಹೋಯಿತು. ಮಗು ನನ್ನ ಜಡೆ ಹಿಡಿದುಕೊಂಡು ಆ ಹಳದಿ ಗಾಡಿ ನೋಡಿ ನಗುತ್ತಿತ್ತು. ಎರಡನೆಯ ಬಾಯಿ ಮೇಲೆ ಬಂದಾಗ ಅಪ್ಪ ಮುಂದೆ ಓಡಿದ. ಮೋಹನ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದ. "ತಾತಾ, ಪಿಚ್ಚಾ ನೀಕು?" ಹುಚ್ಚಾ ನಿನಗೆ ಅಂತ. ಅಪ್ಪನಿಗೆ ಕೆಮ್ಮು ಬಂತು, ಬಗ್ಗಿ ಕೂತುಬಿಟ್ಟ. ಆಗ ಜೆಸಿಬಿಯ ಹಲ್ಲಿನ ಸಂದಿಯಲ್ಲಿ ಒಂದು ಚೂರು ಹಸಿರು ಕಂಡಿತು. ಮಣ್ಣು ಮೆತ್ತಿದ ಹಸಿರು. ಬಾಯಿ ತಿರುಗಿತು, ಟ್ರ್ಯಾಕ್ಟರಿನ ಡಬ್ಬಿಯ ಮೇಲೆ ಬಂದು ತೆರೆದುಕೊಂಡಿತು. ಬೇರೆ ಯಾರೂ ನೋಡಲಿಲ್ಲ. ಅವರೆಲ್ಲ ಹಾವನ್ನು ಹುಡುಕುತ್ತಿದ್ದರು.

"ಪಾಮೂ ಲೇದು, ಗೀಮೂ ಲೇದು," ಎಂದು ನಕ್ಕ ಜೆಸಿಬಿಯವನು. ಹಾವೂ ಇಲ್ಲ, ಗೀವೂ ಇಲ್ಲ ಅಂತ.

"ಬೇಡ್ಕೊಂಡೆನಲ್ಲ, ಹೋಗಿದೆ," ಅಂದರು ಅಕ್ಕ. ಅವ್ವನ ಬೆನ್ನು ಸವರಿದರು. "ಪಾಪ, ಎಷ್ಟು ಹೆದರಿದ್ದಾರೆ."

ಟ್ರ್ಯಾಕ್ಟರು ಹೊರಟಿತು. ನನ್ನ ಕೈಯಲ್ಲಿ ಮಗು ಇತ್ತು. ಅಕ್ಕನಿಗೆ ಕೊಡಲು ಹೋದರೆ ಅದು ಜಡೆ ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದೆ. ಗೇಟಿಗೆ ಓಡುವ ಹೊತ್ತಿಗೆ ಟ್ರ್ಯಾಕ್ಟರು ರಸ್ತೆಯ ತಿರುವು ದಾಟಿತ್ತು.

ಆದರೆ ಮಣ್ಣು ಉದುರುತ್ತಾ ಹೋಗಿತ್ತು. ನಮ್ಮ ಪ್ಲಾಟಿನ ಮಣ್ಣು ಕೆಂಪು, ರಸ್ತೆ ಕಪ್ಪು. ಅದನ್ನೇ ನೋಡುತ್ತಾ ಓಡಿದೆ. ದೊಡ್ಡ ರಸ್ತೆಯಲ್ಲಿ ಕ್ಯಾಬುಗಳು ಬ್ರೇಕು ಹಾಕಿ ಬೈದವು. ಆಚೆ ಬದಿಗೆ ಮತ್ತೆ ಕೆಂಪು ಸಿಕ್ಕಿತು. ಕೆರೆಯ ಹಿಂದಿನ ತಗ್ಗಿನಲ್ಲಿ ಒಂದು ಹೊಸ ವೆಂಚರ್, ಅಲ್ಲಿ ಅದು ಮುಗಿಯಿತು. ತಗ್ಗು ತುಂಬಲು ಎಲ್ಲ ಕಡೆಯಿಂದಲೂ ಮಣ್ಣು ಬರುತ್ತಿತ್ತು. ಟ್ರ್ಯಾಕ್ಟರು ಸುರಿದು ಆಗಿತ್ತು. ಡೋಜರು ಅದರ ಮೇಲೆ ಹೋಗುತ್ತಿತ್ತು, ಬರುತ್ತಿತ್ತು.

ನಾನು ಡ್ರೈವರನ ಮುಂದೆ ಹೋಗಿ ನಿಂತೆ. ತೆಲುಗಿನಲ್ಲಿ ಕೇಳಿದೆ, ಈಗ ತಂದ ಮಣ್ಣು ಎಲ್ಲಿ?

ಅವನು ಬೀಡಿ ಹಚ್ಚುತ್ತಾ ಕೈಯನ್ನು ಅಗಲಕ್ಕೆ ಬೀಸಿದ. "ಏ ಮಟ್ಟಿ? ಅಂತಾ ಒಕಟೇ." ಯಾವ ಮಣ್ಣು, ಎಲ್ಲಾ ಒಂದೇ.

ಕೈಯಿಂದ ಕೆದರಿದೆ. ಕರಿಮಣ್ಣು ಸಿಕ್ಕಿತು, ಸುಣ್ಣದ ಕಲ್ಲು ಸಿಕ್ಕಿತು, ಯಾರದೋ ಮನೆಯ ಒಡೆದ ಟೈಲು ಸಿಕ್ಕಿತು. ಕೆಂಪು ಎಲ್ಲದರ ಜೊತೆ ಕಲೆತುಹೋಗಿತ್ತು. ಹಸಿರು ಎಲ್ಲೂ ಕಾಣಲಿಲ್ಲ.

ಡೋಜರಿನವನು ಬೈದು ಎಬ್ಬಿಸಿದ. ಅಲ್ಲಿಂದ ಎದ್ದು ಸೈಟ್ ಆಫೀಸಿನ ಶೆಡ್ಡಿಗೆ ಹೋದೆ. ಒಳಗೆ ಕೂತಿದ್ದವನನ್ನು ಕೇಳಿದೆ, ಈ ಜಾಗಕ್ಕೆ ಕಾವಲು ಬೇಕಾ ಅಂತ. ಅಷ್ಟು ಮಾತನ್ನು ನಾನು ಹೊರಗಿನವರ ಹತ್ತಿರ ಯಾವತ್ತೂ ಆಡಿರಲಿಲ್ಲ.

ಮನೆ ಮುಗಿಯುವವರೆಗೂ ಇರಿ ಎಂದು ಗಾನವಿ ಅಕ್ಕ ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ಸಂಪಿನ ಗುಂಡಿಯ ಕಡೆ ಬೆನ್ನು ಹಾಕಿಯೇ ಪಾತ್ರೆ ಕಟ್ಟಿದಳು. ಹಾವಿನ ಭಯ, ಏನು ಮಾಡೋಕಾಗುತ್ತೆ ಎಂದು ಅಕ್ಕ ಸಾಹೇಬರಿಗೆ ಹೇಳುತ್ತಿದ್ದರು. ಸಾಹೇಬರು ಅಪ್ಪನ ಜೇಬಿಗೆ ಕೂಲಿಯ ದುಡ್ಡು ತುರುಕಿದರು. ಅಪ್ಪ ಅದನ್ನು ಇವತ್ತಿಗೂ ಖರ್ಚು ಮಾಡಿಲ್ಲ. ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರಂಕಿನಲ್ಲಿಟ್ಟಿದ್ದಾನೆ.

ಈಗ ನಾವು ಆ ತಗ್ಗಿನ ವೆಂಚರಿನಲ್ಲಿದ್ದೇವೆ. ತಗ್ಗು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಸಮ ಮಾಡಿ, ಕಲ್ಲು ನೆಟ್ಟು, ನಂಬರು ಬರೆದಿದ್ದಾರೆ. ಅವಳು ಯಾವ ನಂಬರಿನಲ್ಲಿ ಇದ್ದಾಳೋ. ಅವ್ವ ಇಲ್ಲಿ ಗೂಟ ಹೊಡೆಯಲು ಬಿಡುವುದಿಲ್ಲ. ಬಟ್ಟೆಯ ಹಗ್ಗವನ್ನು ಕಿಟಕಿಯ ಸರಳಿನಿಂದ ವಿದ್ಯುತ್ ಕಂಬಕ್ಕೆ ಕಟ್ಟಿದ್ದಾಳೆ. ಅಪ್ಪ ಕೆಮ್ಮಿದರೆ ರಸ್ತೆಗೆ ಹೋಗಿ ಉಗುಳಿ ಬರುತ್ತಾನೆ. ನಾವು ಮೂವರೂ ಬರಿಗಾಲಲ್ಲಿ ನಡೆಯುತ್ತೇವೆ.

ಹೋದ ಭಾನುವಾರ ಮೋಹನ ಒಂದು ಕುಟುಂಬವನ್ನು ಕರೆದುಕೊಂಡು ಬಂದ. ಗಂಡ, ಹೆಂಡತಿ, ಹೆಂಡತಿಯ ತಂದೆ. ಎಲ್ಲ ಕಾರಿನಿಂದ ಇಳಿದರು. ಈಶಾನ್ಯ ಯಾವ ಕಡೆ ಎಂದು ಮುದುಕರು ಕೇಳಿದರು. ಮೋಹನ ಕೈ ಎತ್ತಿ ತೋರಿಸಿದ. ಅವರು ಅತ್ತ ಹೆಜ್ಜೆ ಹಾಕಿದರು. ಅವ್ವ ಒಲೆಯ ಮುಂದಿನಿಂದ ನನ್ನನ್ನು ನೋಡಿದಳು.

ನಾನು ಎದ್ದು ಅವರ ಎದುರಿಗೆ ಹೋದೆ. "ಚಪ್ಪಲಿ ಅಲ್ಲೇ ಬಿಡ್ರಿ," ಅಂದೆ. ಅರ್ಥವಾಗಲಿಲ್ಲ. ತೆಲುಗಿನಲ್ಲಿ ಹೇಳಿದೆ.

ಗಂಡ ಸುತ್ತ ನೋಡಿದ. ಬಯಲು, ನಂಬರಿನ ಕಲ್ಲುಗಳು, ಧೂಳು. "ಯಾಕಮ್ಮಾ, ಇಲ್ಲೇನು ಗುಡಿ ಇದೆಯಾ?" ಎಂದು ನಕ್ಕ. ಮೋಹನನೂ ನಕ್ಕ.

ನಾನು ದಾರಿ ಬಿಡಲಿಲ್ಲ. ಮುದುಕರು ಮಾತ್ರ ನನ್ನ ಮುಖ ನೋಡಿದರು, ಕೆಳಗೆ ನನ್ನ ಕಾಲು ನೋಡಿದರು. ಅಳಿಯನ ಭುಜ ಹಿಡಿದುಕೊಂಡು ಮೊದಲು ಒಂದು, ಆಮೇಲೆ ಇನ್ನೊಂದು ಚಪ್ಪಲಿ ಕಳಚಿದರು.