ಮೆಣಸಿನಕಾಯಿ ಚೀಲದ ಹಾಸಿಗೆ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಶಿಕಾಂತ ತನ್ನ ಮುದಿ ನಾಯಿ ರಾಜಾನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸುತ್ತಿದ್ದ. ಹುಬ್ಬಳ್ಳಿಯ ದೊಡ್ಡ ಪಶು ಆಸ್ಪತ್ರೆಯಲ್ಲಿ ಅದರ ಕ್ಯಾನ್ಸರಿಗೆ ಮತ್ತೊಂದು ಇಂಜೆಕ್ಷನ್ ಹಾಕಿಸಬೇಕಿತ್ತು. ಅಷ್ಟರಲ್ಲಿ ಸುಧಾರಾಣಿ ಟೀಚರ್ ಬಂದರು. ಊರ ಹೊರಗಿನ ಹಳೇ ಶೆಡ್ಡಿನಲ್ಲಿ ಅವರು ಬೀದಿನಾಯಿಗಳನ್ನು ಸಾಕುತ್ತಿದ್ದರು.

“ನಾಯಿಗೋಳಿಗೆಲ್ಲಾ ಕಜ್ಜಿ ಹತ್ತೇತ್ರಿ. ಔಷಧಕ್ಕ ಏನರ ಸಹಾಯ ಮಾಡ್ರಿ.”

“ಟೀಚರ್, ರಾಜಾ ನನ್ನ ಮಗ ಇದ್ದಂಗ. ಮೊದಲ ಇವನ್ನ ಉಳಿಸ್ಕೋತೇನಿ.”

“ಉಳಿಯೂದಿಲ್ಲಂತ ಡಾಕ್ಟರ ಅಂದಾರಂತಲ್ರಿ? ಇಂಜೆಕ್ಷನ್ ಕೊಟ್ಟಾಗೆಲ್ಲ ಕೂಳ ಬಿಡ್ತದಂತ ನಿಮ್ಮ ಮನಿಯವ್ರು ಅಳತಿದ್ರು.”

“ನಿಮ್ಮ ಮಕ್ಕಳಿಗೆ ಜಡ್ಡಾದ್ರ ಅನಾಥಾಶ್ರಮದ ವಿಚಾರ ಮಾಡ್ತೀರೇನ್ರಿ?”

ಟೀಚರ್ ಹೊರಡಲು ತಿರುಗಿದರು.

ಬರಿಗೈಯಲ್ಲಿ ಕಳಿಸಿದರೆ ಊರು ಆಡಿಕೊಳ್ಳುತ್ತದಲ್ಲ! ಶಶಿಕಾಂತ ತನ್ನ ಅಂಗಡಿಯ ಮೂಲೆಯಲ್ಲಿದ್ದ ಖಾಲಿ ಗೋಣಿಚೀಲಗಳನ್ನು ಕೊಡಿಸಿ, “ಥಂಡಿ ಐತಿ, ಹಾಸ್ರಿ” ಎಂದ. ಕೊಡುವ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೂ ಏರಿತು. ಎಂಥ ಧರ್ಮಾತ್ಮ!

ಸಂಜೆ ಹುಬ್ಬಳ್ಳಿಯಿಂದ ಮರಳುವಾಗ ಟೀಚರ್ ಫೋನು ಮಾಡಿದರು. “ಲಗೂ ಶೆಡ್ಡಿಗೆ ಬರ್ರಿ” ಎಂದು ಕೂಗಿದರು.

ಶೆಡ್ಡಿನಲ್ಲಿ ನಾಯಿಗಳು ಕಿರುಚುತ್ತ ಕಜ್ಜಿಯ ಗಾಯಗಳನ್ನು ಸಿಮೆಂಟಿಗೆ ಉಜ್ಜುತ್ತಿದ್ದವು. ಹಾಸಿದ ಚೀಲಗಳ ನೇಯ್ಗೆಯ ತುಂಬ ಮೆಣಸಿನಕಾಯಿಯ ಧೂಳು. ಒಂದು ಕಂದು ಹೆಣ್ಣುನಾಯಿ ಕಣ್ಣನ್ನೇ ಪರಚಿಕೊಂಡು ರಕ್ತ ಮಾಡಿಕೊಂಡಿತ್ತು.

“ನಾನ ಹಾಸೀನ್ರಿ,” ಟೀಚರ್ ಅತ್ತರು. “ಹುಟ್ಟಿದಾಗಿಂದ ಇದ ಗಾಳ್ಯಾಗ ಅದೇವಿ. ನನಗ ಘಾಟ ಹತ್ತಲೇ ಇಲ್ಲ.”

“ನನಗೂ ಹತ್ತಲಿಲ್ರಿ,” ಎಂದ ಶಶಿಕಾಂತ. ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತು.

ಕಾರಿನೊಳಗಿಂದ ರಾಜಾ ನರಳಿದ. ಹುಬ್ಬಳ್ಳಿಯಿಂದ ದಾರಿಯುದ್ದಕ್ಕೂ ನರಳುತ್ತಲೇ ಬಂದಿದ್ದ. ಶಶಿಕಾಂತ ಹಾಡು ಹಚ್ಚಿಕೊಂಡು ಗಾಡಿ ಓಡಿಸಿದ್ದ. ಈಗ ಆಸ್ಪತ್ರೆಗೆ ಫೋನು ಹಚ್ಚಿದ.

“ಇನ್ನ ಇಂಜೆಕ್ಷನ್ ಬ್ಯಾಡ್ರಿ ಸರ. ರಾಜಾಗ ನೋವು ತಡಿಯೂ ಗುಳಿಗಿ ಅಷ್ಟ ಕೊಡ್ರಿ, ಮನ್ಯಾಗ ನಮ್ಮ ತೊಡಿ ಮ್ಯಾಲೆ ಹೋಗ್ಲಿ. ಆ ರೊಕ್ಕ ಇಲ್ಲಿ ಶೆಡ್ಡಿನ ನಾಯಿಗೋಳಿಗೆ ಹಾಕ್ತೇನಿ. ಕಜ್ಜಿ ನೋಡಾಕ ಯಾರನ್ನರ ಕಳಸ್ರಿ.”

ಆಮೇಲೆ ಕಂದು ನಾಯಿಯ ಕಣ್ಣು ತೊಳೆಯಲು ಕೂತ. ಮೆಣಸಿನಕಾಯಿಯ ಘಾಟು ಕೂತಿದ್ದ ಅವನ ಕೈ ಮೂಸಿದ್ದೇ ತಡ, ಅದು ಕಿರುಚಿ ಗೋಡೆಗೆ ಒತ್ತಿಕೊಂಡಿತು. ಸಾಬೂನು ಹಚ್ಚಿ ತೊಳೆದುಕೊಂಡು ಬಂದರೂ ಹತ್ತಿರ ಸೇರಿಸಲಿಲ್ಲ. ಕೊನೆಗೆ ಟೀಚರೇ ಅದನ್ನು ತೊಡೆಯ ಮೇಲೆಳೆದುಕೊಂಡು ಕಣ್ಣು ತೊಳೆದರು. ಶಶಿಕಾಂತ ದೂರದಲ್ಲಿ ಕೊಡ ಹಿಡಿದು ನಿಂತು, ಅವರು ಕೇಳಿದಾಗಲೆಲ್ಲ ನೀರು ತಂದುಕೊಟ್ಟ.